ಸ್ಟೆಲ್ಲಾರ್ ಪಾಪ್ಯುಲೇಷನ್ ಅಂದರೆ ನಕ್ಷತ್ರಗಳ ಲೆಕ್ಕ ಅಲ್ಲ

ಕಲಬುರಗಿಯಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುವವರು ತಂದು ತೋರಿಸುವ ವರದಿಗಳಲ್ಲಿ 'ನಾಕ್ಷತ್ರಿಕ ಜನಸಂಖ್ಯಾ ಮಾದರಿ', ಅಂದರೆ ಸ್ಟೆಲ್ಲಾರ್ ಪಾಪ್ಯುಲೇಷನ್ ಮಾಡೆಲ್, ಅನ್ನುವ ಮಾತು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಮೊನ್ನೆ ಒಂದರಲ್ಲಿ ಅದರ ಕೆಳಗೇ ವಿವರಣೆಯೂ ಇತ್ತು: 'ಗ್ಯಾಲಕ್ಸಿಯಲ್ಲಿ ಎಷ್ಟು ನಕ್ಷತ್ರಗಳಿವೆ ಎಂದು ಎಣಿಸುವ ವಿಧಾನ.' ಬರೆದವನನ್ನು ಕೇಳಿದರೆ, "ಪಾಪ್ಯುಲೇಷನ್ ಅಂದ್ರ ಅದೇ ಅಲ್ಲೇನ್ರಿ ಸರ?" ಅಂದ. ಅದಲ್ಲ. ಈ ಮಾದರಿ ಮಾಡುವ ಸಾಫ್ಟ್‌ವೇರ್ ಹಾಕಿಕೊಂಡು ಕೂರುವ ಮುಂಚೆ ಇದು ಸರಿಹೋಗಲೇಬೇಕು. ಇಲ್ಲದಿದ್ದರೆ ಪರದೆಯ ಮೇಲೆ ಬಂದ ಗೆರೆ ಏನು ಹೇಳುತ್ತಿದೆ ಅಂತಲೇ ತಿಳಿಯುವುದಿಲ್ಲ.

ಇಲ್ಲಿ ಪಾಪ್ಯುಲೇಷನ್ ಅಂದರೆ ಒಂದು ಗುಂಪು. ವಯಸ್ಸು ಮತ್ತು ಲೋಹದ ಅಂಶ, ಈ ಎರಡರಲ್ಲಿ ಒಂದಕ್ಕೊಂದು ಹೊಂದುವ ನಕ್ಷತ್ರಗಳ ಗುಂಪು. ಖಗೋಳದವರಿಗೆ ಹೈಡ್ರೋಜನ್, ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಲೋಹವೇ, ಆಕ್ಸಿಜನ್ ಕೂಡ.

ಈ ಮಾತು ಬಂದದ್ದು ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಅವರಿಂದ. ಎರಡನೇ ಮಹಾಯುದ್ಧದ ಹೊತ್ತು. ಅಮೆರಿಕದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಬಹಳಷ್ಟು ಜನ ಯುದ್ಧದ ಕೆಲಸಕ್ಕೆ ಹೋಗಿದ್ದರು. ಬಾಡೆ ಜರ್ಮನ್ ಪ್ರಜೆ, ಹಾಗಾಗಿ ಆ ಕೆಲಸಕ್ಕೆ ಅವರನ್ನು ಕರೆಯುವಂತಿರಲಿಲ್ಲ. 100 ಇಂಚಿನ ದೂರದರ್ಶಕ ಹೆಚ್ಚಿನ ರಾತ್ರಿ ಅವರಿಗೇ ಸಿಗುತ್ತಿತ್ತು. ಕೆಳಗೆ ಲಾಸ್ ಏಂಜಲೀಸ್‌ನಲ್ಲಿ ಯುದ್ಧದ ಕಾರಣಕ್ಕೆ ದೀಪಗಳನ್ನು ಆರಿಸುತ್ತಿದ್ದರು, ಆಕಾಶ ಕಪ್ಪಗಿತ್ತು. ಆಂಡ್ರೊಮಿಡಾ ಗ್ಯಾಲಕ್ಸಿಯ ನಡುಭಾಗದಲ್ಲಿ ಅದುವರೆಗೆ ಯಾರಿಗೂ ಒಂದೊಂದೇ ನಕ್ಷತ್ರ ಬಿಡಿಸಿ ಕಂಡಿರಲಿಲ್ಲ, ಬರೀ ಮಸುಕು ಬೆಳಕು. ಬಾಡೆ ನೀಲಿ ಬೆಳಕಿನ ಫೋಟೋ ಪ್ಲೇಟ್ ಬಿಟ್ಟು ಕೆಂಪು ಬೆಳಕನ್ನು ಹಿಡಿಯುವ ಪ್ಲೇಟ್ ಹಾಕಿದರು. ಆಗ ಆ ಮಸುಕು ಸಾವಿರಾರು ಚುಕ್ಕೆಗಳಾಗಿ ಒಡೆಯಿತು. ಅಲ್ಲಿ ಎಲ್ಲಕ್ಕಿಂತ ಹೊಳೆಯುವವು ಕೆಂಪು ದೈತ್ಯ ನಕ್ಷತ್ರಗಳು. ಸುರುಳಿ ತೋಳುಗಳಲ್ಲಿ ಹೊಳೆಯುವವು ನೀಲಿ. ಒಂದೇ ಗ್ಯಾಲಕ್ಸಿ, ಎರಡು ಬೇರೆ ಕುಲ. 1944ರಲ್ಲಿ ಅವರು ತೋಳಿನವಕ್ಕೆ ಪಾಪ್ಯುಲೇಷನ್ ಒಂದು, ನಡುವಿನವಕ್ಕೆ ಪಾಪ್ಯುಲೇಷನ್ ಎರಡು ಅಂತ ಹೆಸರಿಟ್ಟರು. ಸೂರ್ಯ ಒಂದನೆಯದಕ್ಕೆ ಸೇರಿದವನು.

ನಂಬರ್ ತಿರುಗುಮುರುಗಾಗಿದೆ ಅಂತ ಗೊಂದಲ ಬೇಡ. ನಮ್ಮ ಅಕ್ಕಪಕ್ಕದ ನಕ್ಷತ್ರಗಳಂಥವು ಒಂದು, ಆಮೇಲೆ ಗುರುತಿಗೆ ಸಿಕ್ಕವು ಎರಡು, ಅಷ್ಟೇ. ವಯಸ್ಸಿನಲ್ಲಿ ಎರಡನೆಯದೇ ಹಿರಿದು, ಲೋಹ ಕಡಿಮೆ. ಈ ವಿಂಗಡಣೆ ಸುಮ್ನೆ ಹೆಸರಿಗೆ ಮಾಡಿದ್ದೂ ಅಲ್ಲ. ದೂರ ಅಳೆಯಲು ಬಳಸುವ, ಹೊಳಪು ಏರಿಳಿಯುವ ಸೆಫೀಡ್ ನಕ್ಷತ್ರಗಳಲ್ಲೂ ಎರಡು ಬಗೆ ಇವೆ ಅಂತ ಇದರಿಂದಲೇ ಗೊತ್ತಾಯಿತು. 1952ರಲ್ಲಿ ರೋಮ್ ಸಮ್ಮೇಳನದಲ್ಲಿ ಬಾಡೆ ಅದನ್ನು ಹೇಳಿದಾಗ ಆಂಡ್ರೊಮಿಡಾದ ದೂರ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಎಣಿಕೆಯಿಂದ ಇಂಥದ್ದು ಹೊರಡುತ್ತಿತ್ತಾ?

ಇನ್ನು 'ಸಿಂಪಲ್ ಸ್ಟೆಲ್ಲಾರ್ ಪಾಪ್ಯುಲೇಷನ್', ಅಂದರೆ ಎಸ್‌ಎಸ್‌ಪಿ. ಸಿಂಪಲ್ ಅಂದರೆ ಸುಲಭ ಅಂತಲ್ಲ, ಬೆರಕೆ ಇಲ್ಲದ್ದು ಅಂತ. ನಮ್ಮ ಕಡೆಯ ಎರೆ ಹೊಲದಲ್ಲಿ ಒಂದೇ ಹದ ಮಳೆಗೆ, ಒಂದೇ ಬೀಜದ ತೊಗರಿ ಬಿತ್ತಿದರೆ ಹೇಗೋ ಹಾಗೆ. ಗಿಡ ಸಣ್ಣದು ದೊಡ್ಡದು ಇರಬಹುದು, ಹುಟ್ಟಿದ ದಿನ ಒಂದೇ. ಆಕಾಶದಲ್ಲಿ ಇದಕ್ಕೆ ಹತ್ತಿರದ್ದು ಕೃತ್ತಿಕೆ. ಸುಮಾರು 10 ಕೋಟಿ ವರ್ಷದ ಹಿಂದೆ ಒಂದೇ ಮೋಡದಿಂದ ಹುಟ್ಟಿದ ಗುಂಪು. ಸೂರ್ಯನಂಥ ನಕ್ಷತ್ರ ಸುಮಾರು 1,000 ಕೋಟಿ ವರ್ಷ ಬಾಳುತ್ತದೆ. ಅದಕ್ಕಿಂತ 10 ಪಟ್ಟು ತೂಕದ್ದು ಕೆಲವು ಕೋಟಿ ವರ್ಷಕ್ಕೇ ಮುಗಿಯುತ್ತದೆ. ಹಾಗಾಗಿ ಗುಂಪಿಗೆ ವಯಸ್ಸಾದಂತೆ ಹೆಚ್ಚು ತೂಕದ ನೀಲಿ ನಕ್ಷತ್ರಗಳು ಹೋಗಿ ಕೆಂಪು ಉಳಿಯುತ್ತದೆ. ಮಾದರಿ ಅಂದರೆ ಈ ಬದಲಾವಣೆಯ ಲೆಕ್ಕ: ಯಾವ ತೂಕದ್ದು ಎಷ್ಟು ಪಾಲು ಹುಟ್ಟಿದವು, ಈ ವಯಸ್ಸಿಗೆ ಅವು ಯಾವ ಹಂತದಲ್ಲಿವೆ, ಒಂದೊಂದರ ರೋಹಿತ (ಸ್ಪೆಕ್ಟ್ರಮ್, ಯಾವ ಬಣ್ಣದಲ್ಲಿ ಎಷ್ಟು ಬೆಳಕು ಅನ್ನುವುದು) ಹೇಗಿರುತ್ತದೆ, ಎಲ್ಲ ಕೂಡಿಸಿದರೆ ಒಟ್ಟು ಬೆಳಕು ಯಾವ ಬಣ್ಣದ್ದು. ಇಡೀ ಗ್ಯಾಲಕ್ಸಿಯೇ ಹೀಗೆ ಕಾಲ ಕಳೆದಂತೆ ಬದಲಾಗುತ್ತದೆ ಅನ್ನುವುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಖಗೋಳ ವಿಜ್ಞಾನಿ ಬೀಟ್ರಿಸ್ ಟಿನ್ಸ್ಲಿ ಮುಖ್ಯರು. 1981ರಲ್ಲಿ, 40ನೇ ವಯಸ್ಸಿಗೇ ತೀರಿಕೊಂಡರು. ಅವರ ಹೆಸರು ನಮ್ಮ ಪಾಠಗಳಲ್ಲಿ ಇನ್ನೂ ಜಾಸ್ತಿ ಬರಬೇಕು.

ಗ್ಯಾಲಕ್ಸಿ ಮಾತ್ರ ಎಸ್‌ಎಸ್‌ಪಿ ಅಲ್ಲ, ಹಲವು ಕಾಲಕ್ಕೆ ಹುಟ್ಟಿದ ಗುಂಪುಗಳ ಬೆರಕೆ. ಒಂದೇ ಎಸ್‌ಎಸ್‌ಪಿ ಹೊಂದಿಸಿ 'ಈ ಗ್ಯಾಲಕ್ಸಿಯ ವಯಸ್ಸು 300 ಕೋಟಿ ವರ್ಷ' ಅಂತ ಬರೆಯುವವರಿದ್ದಾರೆ. ದಯವಿಟ್ಟು ಬರೆಯಬೇಡಿ. ಎಳೆಯ ನಕ್ಷತ್ರಗಳ ಬೆಳಕು ಜೋರು, ಅವು ಕೊಂಚ ಇದ್ದರೂ ಉತ್ತರವನ್ನು ತಮ್ಮ ಕಡೆ ಎಳೆದುಬಿಡುತ್ತವೆ.

ಸಾಫ್ಟ್‌ವೇರ್ ಅಂದರೆ ಹೊಸಬರಿಗೆ ನಾನು ಹೇಳುವುದು ಎಫ್‌ಎಸ್‌ಪಿಎಸ್, ಅಂದರೆ ಫ್ಲೆಕ್ಸಿಬಲ್ ಸ್ಟೆಲ್ಲಾರ್ ಪಾಪ್ಯುಲೇಷನ್ ಸಿಂಥೆಸಿಸ್. ಚಾರ್ಲಿ ಕಾನ್ರಾಯ್ ಬರೆದದ್ದು, ಒಳಗಿರುವುದು ಫೋರ್ಟ್ರಾನ್, ಪೈಥಾನ್‌ನಿಂದ ಕರೆಯಬಹುದು. ಪೈಥಾನ್ ಪ್ಯಾಕೇಜ್ ಹಾಕಿಕೊಂಡರೆ ಮುಗಿಯಲಿಲ್ಲ. ನಕ್ಷತ್ರಗಳ ದತ್ತಾಂಶ ಇರುವ ಮೂಲ ಫೋಲ್ಡರ್ ಬೇರೆಯಾಗಿ ಇಳಿಸಿ, ಎಸ್‌ಪಿಎಸ್ ಹೋಮ್ ಅನ್ನುವ ವೇರಿಯಬಲ್‌ನಲ್ಲಿ ಅದರ ದಾರಿ ಕೊಡಬೇಕು. 'ಇನ್‌ಸ್ಟಾಲ್ ಆಯ್ತು, ಓಡ್ತಿಲ್ಲ' ಅಂತ ಬರುವವರಲ್ಲಿ ಹೆಚ್ಚಿನವರ ತೊಂದರೆ ಇಲ್ಲೇ ಇರುತ್ತದೆ. ಓಡಿದ ಮೇಲೂ ಮೊದಲ ಸಲ ಕೊಂಚ ಹೊತ್ತು ನಿಂತಂತೆ ಕಾಣುತ್ತದೆ. ಅದು ಒಳಗೆ ಲೆಕ್ಕ ಹಾಕುತ್ತಿರುತ್ತದೆ, ಮುಚ್ಚಬೇಡಿ.

ಇನ್ನು ಒಳಗಿನ ಸೆಟ್ಟಿಂಗ್‌ಗಳು. ನಕ್ಷತ್ರಗಳು ಯಾವಾಗ ಎಷ್ಟು ಹುಟ್ಟಿದವು ಅಂತ ಹೇಳುವ ಎಸ್‌ಎಫ್‌ಎಚ್ ಸೊನ್ನೆ ಇಟ್ಟರೆ ಎಸ್‌ಎಸ್‌ಪಿ. ಒಂದು ಇಟ್ಟರೆ ಕಾಲ ಕಳೆದಂತೆ ಕುಗ್ಗುತ್ತಾ ಹೋಗುವ ನಕ್ಷತ್ರ ಹುಟ್ಟು, ಅಂದರೆ ಬೆರಕೆ. ವಯಸ್ಸು ಹೇಳುವ ಟಿ ಏಜ್‌ನಲ್ಲಿ ಕೊಡುವ ಸಂಖ್ಯೆ ನೂರು ಕೋಟಿ ವರ್ಷದ ಲೆಕ್ಕದಲ್ಲಿರುತ್ತದೆ, 5 ಅಂದರೆ 500 ಕೋಟಿ. ಬೆರಕೆಯಲ್ಲಿ ಅದು ಮೊದಲ ನಕ್ಷತ್ರ ಹುಟ್ಟಿದಾಗಿನಿಂದ ಕಳೆದ ಕಾಲ, ಸರಾಸರಿ ವಯಸ್ಸಲ್ಲ. ಎಸ್‌ಎಸ್‌ಪಿಯಲ್ಲಿ ಬರುವ ರೋಹಿತ ಒಂದು ಸೂರ್ಯನ ತೂಕದಷ್ಟು ನಕ್ಷತ್ರ ಹುಟ್ಟಿದೆ ಅಂತ ಇಟ್ಟುಕೊಂಡು ಕೊಟ್ಟದ್ದು.

ಎಲ್ಲಕ್ಕಿಂತ ಕಾಡುವುದು ಲೋಹದ ಗುಂಡಿ. ಸೂರ್ಯನಿಗೆ ಹೋಲಿಸಿದ ಲೋಹವನ್ನು ಲಾಗರಿದಮ್‌ನಲ್ಲಿ ಹೇಳುವ ಲಾಗ್ ಝಡ್ ಸೋಲ್ ಬದಲಿಸುತ್ತಾ ಹೋಗುತ್ತೀರಿ, ರೋಹಿತದ ಗೆರೆ ಒಂದಿಷ್ಟೂ ಅಲುಗುವುದಿಲ್ಲ. ಯಾಕೆಂದರೆ ಝಡ್ ಕಂಟಿನ್ಯುಅಸ್ ಅನ್ನುವ ಇನ್ನೊಂದು ಸೆಟ್ಟಿಂಗ್ ಸೊನ್ನೆಯಲ್ಲೇ ಇದೆ. ಹಾಗಿದ್ದಾಗ ಸಾಫ್ಟ್‌ವೇರ್ ಆ ಸಂಖ್ಯೆಯನ್ನು ನೋಡುವುದೇ ಇಲ್ಲ. ಬೈಯುವುದೂ ಇಲ್ಲ, ಸುಮ್ನೆ ಹಳೇ ಉತ್ತರವನ್ನೇ ಕೊಡುತ್ತದೆ. ಶುರುವಿನಲ್ಲೇ ಅದನ್ನು ಒಂದಕ್ಕೆ ಇಡಿ.

ಇಟ್ಟಾದ ಮೇಲೆ ಎರಡು ಎಸ್‌ಎಸ್‌ಪಿ ಮಾಡಿ. ಒಂದಕ್ಕೆ 1,200 ಕೋಟಿ ವರ್ಷ ವಯಸ್ಸು, ಸೂರ್ಯನ ಅರ್ಧದಷ್ಟು ಲೋಹ, ಅಂದರೆ ಲಾಗ್ ಝಡ್ ಸೋಲ್ ಮೈನಸ್ 0.3. ಇನ್ನೊಂದಕ್ಕೆ 400 ಕೋಟಿ ವರ್ಷ, ಸೂರ್ಯನಷ್ಟೇ ಲೋಹ. ಕಣ್ಣಿಗೆ ಕಾಣುವ ಬೆಳಕಿನ ಭಾಗದಲ್ಲಿ ಎರಡೂ ಗೆರೆ ಒಂದರ ಮೇಲೊಂದು ಎಳೆಯಿರಿ. ಬಣ್ಣ ನೋಡಿ ಬೇರೆ ಮಾಡುವುದು ಕಷ್ಟ. ವಯಸ್ಸು ಮೂರು ಪಟ್ಟಾದರೂ, ಲೋಹ ಎರಡು ಪಟ್ಟಾದರೂ ಬಣ್ಣ ಹೆಚ್ಚುಕಡಿಮೆ ಒಂದೇ ರೀತಿ ಕೆಂಪಾಗುತ್ತದೆ ಅಂತ 1994ರಲ್ಲಿ ಗೈ ವರ್ದಿ ತೋರಿಸಿದ್ದು ಇದನ್ನೇ. ಬೇರೆ ಮಾಡಬೇಕಾದರೆ ರೋಹಿತದೊಳಗೆ ಒಂದೊಂದು ಧಾತು ಮೂಡಿಸುವ ಕಪ್ಪು ಗೆರೆಗಳಲ್ಲಿ ಹೈಡ್ರೋಜನ್‌ನ ಬಾಮರ್ ಗೆರೆಗಳನ್ನೂ ಕಬ್ಬಿಣ, ಮೆಗ್ನೀಸಿಯಂ ಗೆರೆಗಳನ್ನೂ ಜೊತೆಗಿಟ್ಟು ನೋಡಬೇಕು. ಮೊದಲನೆಯವು ವಯಸ್ಸಿಗೆ ಜಾಸ್ತಿ ಸ್ಪಂದಿಸುತ್ತವೆ, ಉಳಿದವು ಲೋಹಕ್ಕೆ.