ಸುರಿಯುವ ನೀರಿನ ಧಾರೆ ಮತ್ತು ಪ್ರಾಚೀನ ಯೆಹೂದ್ಯ ಪಂಥಗಳು

ಯೆಹೂದ್ಯರ ಎರಡನೆಯ ದೇವಾಲಯದ, ಅಂದರೆ ಕ್ರಿ.ಶ. 70ರವರೆಗೆ ಯೆರೂಸಲೇಮಿನಲ್ಲಿದ್ದ ದೇವಾಲಯದ, ಕಾಲದ ಪಂಥಗಳ ಪಾಠವನ್ನು ನಾನು ಒಂದು ತಂಬಿಗೆ ನೀರು ಮತ್ತು ಒಂದು ಲೋಟದೊಂದಿಗೆ ಆರಂಭಿಸುತ್ತೇನೆ. ತಂಬಿಗೆಯ ನೀರು ಶುದ್ಧ, ಕೆಳಗಿರುವ ಲೋಟ ಅಶುದ್ಧ ಎಂದು ಹೇಳಿ, ಮೇಲಿನಿಂದ ನಿಧಾನವಾಗಿ ಸುರಿಯುತ್ತೇನೆ. ಧಾರೆ ಕಡಿಯದೆ ಬೀಳುತ್ತಿರುವಾಗಲೇ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಹಾಕುತ್ತೇನೆ. ಲೋಟಕ್ಕೆ ಬಿದ್ದ ನೀರು ಅಶುದ್ಧವಾಯಿತೆಂಬುದರಲ್ಲಿ ತಕರಾರಿಲ್ಲ. ಆದರೆ ಈ ಧಾರೆ ಲೋಟವನ್ನೂ ತಂಬಿಗೆಯನ್ನೂ ಒಂದಕ್ಕೊಂದು ಕೂಡಿಸಿದೆಯಲ್ಲವೇ, ಹಾಗಾದರೆ ಅಶುದ್ಧತೆ ಧಾರೆಯ ಗುಂಟ ಮೇಲೇರಿ ತಂಬಿಗೆಯಲ್ಲಿ ಉಳಿದ ನೀರಿಗೂ ತಟ್ಟುತ್ತದೆಯೇ? ಪ್ರತಿ ವರ್ಷವೂ ತರಗತಿ ಎರಡು ಪಾಲಾಗುತ್ತದೆ. ಎರಡು ಸಾವಿರ ವರ್ಷಗಳ ಹಿಂದೆ ಯೆರೂಸಲೇಮಿನ ಪಂಡಿತರು ಎರಡು ಪಾಲಾದದ್ದೂ ಇದೇ ಪ್ರಶ್ನೆಯ ಮೇಲೆ.

ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಮಿಷ್ನಾ ಎಂಬ ಶಾಸ್ತ್ರಗ್ರಂಥದಲ್ಲಿ 'ಯಾದಾಯಿಮ್', ಅಂದರೆ 'ಕೈಗಳು' ಎಂಬ ಭಾಗವಿದೆ. ಈ ವಾದ ಅಲ್ಲಿ ಒಂದೆರಡು ಸಾಲುಗಳಲ್ಲಿ ದಾಖಲಾಗಿದೆ. ಕಡಿಯದ ಧಾರೆಯನ್ನು ನೀವು ಶುದ್ಧವೆನ್ನುತ್ತೀರಿ ಎಂದು, ದೇವಾಲಯದ ಸುತ್ತ ಬದುಕು ಕಟ್ಟಿಕೊಂಡಿದ್ದ ಸದ್ದುಕಾಯರೆಂಬ ಪಂಥದವರು ಪರಂಪರೆಗೆ ಬೆಲೆಕೊಡುತ್ತಿದ್ದ ಫರಿಸಾಯರೆಂಬ ಪಂಥದವರ ಮೇಲೆ ದೂರುತ್ತಾರೆ. ಸ್ಮಶಾನದಿಂದ ಹರಿದು ಬರುವ ಕಾಲುವೆಯ ನೀರನ್ನು ನೀವೂ ಶುದ್ಧವೆನ್ನುತ್ತೀರಿ ಎಂದು ಫರಿಸಾಯರು ಮರುದೂರು ಹೇಳುತ್ತಾರೆ. ಇಲ್ಲಿ ನಾನು 'ಮೈಲಿಗೆ' ಎಂಬ ಪದವನ್ನು ಬಳಸಿದರೆ ಕನ್ನಡದ ವಿದ್ಯಾರ್ಥಿಗಳಿಗೆ ವಿಷಯ ಥಟ್ಟನೆ ತಿಳಿಯುತ್ತದೆ. ಆದರೆ ಆ ಪದವನ್ನು ಬಳಸಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕಾಗುತ್ತದೆ. ಮೋಶೆಯ ಧರ್ಮಶಾಸ್ತ್ರದ ಅಶುದ್ಧತೆ ಹುಟ್ಟಿನಿಂದ ಅಂಟಿಬರುವಂಥದ್ದಲ್ಲ, ಅದು ಪಾಪವೂ ಅಲ್ಲ. ಶವವನ್ನು ಮುಟ್ಟುವುದು, ಹೆರಿಗೆ, ಮುಟ್ಟು ಮುಂತಾದವುಗಳಿಂದ ಮಹಾಯಾಜಕನ ಮನೆಯವರಿಗೂ ಹೊಲದ ಕೂಲಿಯವನಿಗೂ ಅದು ಒಂದೇ ರೀತಿಯಲ್ಲಿ ಬರುತ್ತಿತ್ತು, ಸ್ನಾನದಿಂದಲೂ ಗೊತ್ತಾದ ಅವಧಿ ಕಳೆಯುವುದರಿಂದಲೂ ಹೋಗುತ್ತಿತ್ತು. ಅಶುದ್ಧನಾದವನು ದೇವಾಲಯವನ್ನು ಪ್ರವೇಶಿಸುವಂತಿರಲಿಲ್ಲ ಎಂಬ ಕಾರಣಕ್ಕೆ ಅದು ಅಷ್ಟು ದೊಡ್ಡ ವಿಷಯವಾಗಿತ್ತು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಹೀಗೆ ಆರಂಭಿಸುವುದಿಲ್ಲ. ಫರಿಸಾಯರು ಇದನ್ನು ನಂಬಿದರು, ಸದ್ದುಕಾಯರು ಅದನ್ನು ನಿರಾಕರಿಸಿದರು, ಎಸ್ಸೀನರೆಂಬ ಮೂರನೆಯ ಪಂಥದವರು ಮತ್ತೊಂದನ್ನು ನಂಬಿದರು ಎಂಬ ಮೂರು ಕಲಮಿನ ಪಟ್ಟಿಯಿಂದ ಅವು ಹೊರಡುತ್ತವೆ. ಆ ಪಟ್ಟಿಯ ಮೂಲ ಜೋಸೆಫಸ್ ಎಂಬ ಇತಿಹಾಸಕಾರ. ಕ್ರಿ.ಶ. 37ರಲ್ಲಿ ಯೆರೂಸಲೇಮಿನ ಯಾಜಕ ಮನೆತನದಲ್ಲಿ ಹುಟ್ಟಿದ ಈತ ರೋಮಿನ ವಿರುದ್ಧದ ದಂಗೆಯಲ್ಲಿ ಗಲಿಲಾಯದ ಸೇನೆಯನ್ನು ನಡೆಸಿ ಸೆರೆಸಿಕ್ಕಿ, ಬಳಿಕ ರೋಮಿನಲ್ಲೇ ನೆಲೆಸಿ, ಗ್ರೀಕ್ ಬಲ್ಲ ಓದುಗರಿಗಾಗಿ ತನ್ನ ಜನಾಂಗದ ಚರಿತ್ರೆಯನ್ನು ಬರೆದನು. ಆ ಓದುಗರಿಗೆ ಪಂಥವೆಂದರೆ ತತ್ತ್ವಶಾಸ್ತ್ರದ ಶಾಲೆ. ಆದ್ದರಿಂದ ಫರಿಸಾಯರನ್ನು ಗ್ರೀಕ್ ತತ್ತ್ವಜ್ಞರಾದ ಸ್ಟೋಯಿಕರಿಗೂ ಎಸ್ಸೀನರನ್ನು ಪೈಥಾಗೊರಸನ ಅನುಯಾಯಿಗಳಿಗೂ ಹೋಲಿಸಿ, ವಿಧಿ ಮತ್ತು ಆತ್ಮದ ವಿಷಯದಲ್ಲಿ ಯಾರ ನಿಲುವು ಏನೆಂದು ವಿಂಗಡಿಸಿಟ್ಟನು: ಎಸ್ಸೀನರಿಗೆ ಎಲ್ಲವೂ ವಿಧಿಯ ಕೈಯಲ್ಲಿದೆ, ಸದ್ದುಕಾಯರಿಗೆ ವಿಧಿಯೇ ಇಲ್ಲ, ಫರಿಸಾಯರಿಗೆ ಕೆಲವು ವಿಧಿಯಿಂದ, ಕೆಲವು ಮನುಷ್ಯನಿಂದ.

ಇದು ಸುಳ್ಳಲ್ಲ. ಆದರೆ ಇದರಲ್ಲಿ ಗ್ರೀಕ್ ಓದುಗನಿಗೆ ಒಪ್ಪುವ ಭಾಷೆ ಎಷ್ಟರಮಟ್ಟಿಗೆ ಬೆರೆತಿದೆ ಎಂಬುದನ್ನು ನೋಡಬೇಕು. ಫರಿಸಾಯರ ನಂಬಿಕೆಯನ್ನು ವಿವರಿಸುತ್ತ ಜೋಸೆಫಸ್ ಒಳ್ಳೆಯವರ ಆತ್ಮ ಮಾತ್ರ 'ಬೇರೊಂದು ದೇಹಕ್ಕೆ ಹೋಗುತ್ತದೆ' ಎಂದು ಬರೆಯುತ್ತಾನೆ. ಈ ಸಾಲನ್ನು ಓದಿದ ಕೂಡಲೇ ನಮ್ಮ ವಿದ್ಯಾರ್ಥಿಗಳು ಪುನರ್ಜನ್ಮ ಎಂದು ಟಿಪ್ಪಣಿ ಬರೆದುಕೊಳ್ಳುತ್ತಾರೆ, ನಾನು ಪ್ರತಿ ಸಲವೂ ಅದನ್ನು ತಿದ್ದಬೇಕಾಗುತ್ತದೆ. ಫರಿಸಾಯರು ನಂಬಿದ್ದು ಪುನರುತ್ಥಾನವನ್ನು, ಅಂದರೆ ಸತ್ತವರನ್ನು ದೇವರು ಮತ್ತೆ ದೇಹಸಹಿತರಾಗಿ ಎಬ್ಬಿಸುವನೆಂಬುದನ್ನು. ಇದು ಜನ್ಮಾಂತರಗಳ ಸರಪಳಿಯಲ್ಲ.

ತಾನು ಹದಿನಾರರ ಸುಮಾರಿಗೆ ಮೂರೂ ಪಂಥಗಳನ್ನು ಕಷ್ಟಪಟ್ಟು ಪರೀಕ್ಷಿಸಿದೆನೆಂದೂ, ಬಳಿಕ ಅಡವಿಯಲ್ಲಿದ್ದ ಬನ್ನುಸ್ ಎಂಬ ತಪಸ್ವಿಯ ಬಳಿ ಮೂರು ವರ್ಷ ಇದ್ದೆನೆಂದೂ, ಹತ್ತೊಂಬತ್ತನೆಯ ವಯಸ್ಸಿಗೆ ಊರಿಗೆ ಮರಳಿ ಫರಿಸಾಯರ ನಿಯಮಗಳಂತೆ ನಡೆಯತೊಡಗಿದೆನೆಂದೂ ಜೋಸೆಫಸ್ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ಹದಿನಾರಕ್ಕೆ ಮೂರು ಕೂಡಿದರೆ ಹತ್ತೊಂಬತ್ತು; ಮೂರು ಪಂಥಗಳ ಪರೀಕ್ಷೆಗೆ ಅದರಲ್ಲಿ ಬಿಡುವೇ ಇಲ್ಲ. ಎಸ್ಸೀನರ ಪೂರ್ಣ ಸದಸ್ಯತ್ವಕ್ಕೆ ಒಟ್ಟು ಮೂರು ವರ್ಷಗಳ ಪರೀಕ್ಷಾ ಅವಧಿ ಬೇಕೆಂದು ತಿಳಿಸುವವನೂ ಇವನೇ. ಇವನನ್ನು ಬಿಟ್ಟರೆ ನಮಗೆ ಗತಿಯಿಲ್ಲ, ಆದರೂ ಅವನ ಪಟ್ಟಿಯನ್ನು ಆ ಕಾಲದವರ ಸ್ವಂತ ಮಾತಿನ ಪಕ್ಕದಲ್ಲಿಟ್ಟೇ ಓದಬೇಕು.

ಸ್ವಂತ ಮಾತು ಎಲ್ಲಿ ಕೇಳಿಸುತ್ತದೆಂಬುದಕ್ಕೆ ಒಂದು ಸುಗ್ಗಿಯ ದೃಶ್ಯವನ್ನು ಹೇಳುತ್ತೇನೆ. ಪಸ್ಕ ಹಬ್ಬದ ಹೊತ್ತಿಗೆ ಜವೆಗೋದಿಯ ಹೊಸ ಬೆಳೆಯ ಮೊದಲ ಸಿವುಡನ್ನು ದೇವಾಲಯಕ್ಕೆ ಒಪ್ಪಿಸಬೇಕು, ಅಂದಿನಿಂದ ಐವತ್ತು ದಿನ ಎಣಿಸಿ ವಾರಗಳ ಹಬ್ಬವನ್ನು ಆಚರಿಸಬೇಕು. 'ಸಬ್ಬತ್ತಿನ ಮರುದಿನ', ಅಂದರೆ ವಿಶ್ರಾಂತಿ ದಿನದ ಮರುದಿನ, ಒಪ್ಪಿಸಬೇಕೆಂದು ಮೋಶೆಯ ಧರ್ಮಶಾಸ್ತ್ರದ ಭಾಗವಾದ ಯಾಜಕಕಾಂಡ ಹೇಳುತ್ತದೆ. ಯಾವ ಸಬ್ಬತ್ತು? ಹಬ್ಬದ ಮೊದಲ ದಿನವೇ ಇಲ್ಲಿ ಸಬ್ಬತ್ತು, ಅದು ಯಾವ ವಾರವಾದರೂ ಸರಿ ಎಂದರು ಫರಿಸಾಯರು. ಸಬ್ಬತ್ತೆಂದರೆ ಶನಿವಾರವೇ, ಆದ್ದರಿಂದ ಮರುದಿನ ಭಾನುವಾರವೇ ಆಗಬೇಕೆಂದರು ಬೊಯೆತೂಸಿಯರು, ಅಂದರೆ ಸದ್ದುಕಾಯರಿಗೆ ತೀರ ಹತ್ತಿರದ ಗುಂಪಿನವರು. ಮಿಷ್ನಾದ ಪ್ರಕಾರ ಹಬ್ಬದ ದಿನ ಮುಗಿಯುವ ಸಂಜೆ ಸುತ್ತಲಿನ ಊರುಗಳ ಜನ ಹೊಲದ ಬಳಿ ನೆರೆಯುತ್ತಿದ್ದರು. ಕೊಯ್ಯುವವನು ಕೂಗಿ ಕೇಳುತ್ತಿದ್ದ: ಸೂರ್ಯ ಮುಳುಗಿದನೇ? ಜನ: ಹೌದು! ಇದೇ ಕುಡುಗೋಲೇ? ಹೌದು! ಇದೇ ಬುಟ್ಟಿಯೇ? ಹೌದು! ಕೊಯ್ಯಲೇ? ಕೊಯ್ಯಿ! ಒಂದೊಂದನ್ನೂ ಮೂರು ಸಲ ಕೇಳಲಾಗುತ್ತಿತ್ತು. ಇಷ್ಟೆಲ್ಲ ಏತಕ್ಕೆಂದು ಮಿಷ್ನಾ ತಾನೇ ಪ್ರಶ್ನಿಸಿ, ಹಬ್ಬದ ದಿನ ಕಳೆದೊಡನೆ ಸಿವುಡು ಕೊಯ್ಯುವುದಿಲ್ಲ ಎನ್ನುತ್ತಿದ್ದ ಬೊಯೆತೂಸಿಯರಿಗಾಗಿ ಎಂದು ಉತ್ತರಿಸುತ್ತದೆ. ಒಂದು ಪದದ ಅರ್ಥದ ಮೇಲಿನ ಭಿನ್ನಮತ ಸಾರ್ವಜನಿಕ ಘೋಷಣೆಯಾದದ್ದು ಹೀಗೆ.

ಪರ್ಣಶಾಲೆಗಳ ಹಬ್ಬದಲ್ಲಿ ಬಲಿಪೀಠಕ್ಕೆ ನೀರೆರೆಯುವ ವಿಧಿಯ ಬಗ್ಗೆಯೂ ಇಂಥದೇ ಕಥೆಯಿದೆ. ಈ ವಿಧಿಗೆ ಬರಹದ ಧರ್ಮಶಾಸ್ತ್ರದಲ್ಲಿ ಸ್ಪಷ್ಟವಾದ ಆಧಾರವಿಲ್ಲ, ಅದು ಪರಂಪರೆಯಿಂದ ಬಂದದ್ದು, ಅಂಥ ಪರಂಪರೆಯನ್ನು ಸದ್ದುಕಾಯರು ಒಪ್ಪುತ್ತಿರಲಿಲ್ಲ. ನೀರೆರೆಯುವವನಿಗೆ ಜನ 'ಕೈ ಎತ್ತು' ಎನ್ನುತ್ತಿದ್ದರಂತೆ, ಏಕೆಂದರೆ ಒಮ್ಮೆ ಒಬ್ಬನು ನೀರನ್ನು ತನ್ನ ಕಾಲ ಮೇಲೆ ಸುರಿದುಕೊಂಡನು, ನೆರೆದವರೆಲ್ಲ ಅವನನ್ನು ಮಾದಳದ ಹಣ್ಣುಗಳಿಂದ ಹೊಡೆದರು. ಮಿಷ್ನಾ ಅವನ ಹೆಸರನ್ನು ಹೇಳುವುದಿಲ್ಲ. ಕ್ರಿ.ಪೂ. 103ರಿಂದ 76ರವರೆಗೆ ಅರಸನೂ ಮಹಾಯಾಜಕನೂ ಆಗಿದ್ದ ಅಲೆಕ್ಸಾಂಡರ್ ಯನ್ನೇಯಸನನ್ನು ಇದೇ ಹಬ್ಬದಲ್ಲಿ ಜನ ಮಾದಳದ ಹಣ್ಣುಗಳಿಂದ ಹೊಡೆದರೆಂದೂ, ಅವನು ಆರು ಸಾವಿರ ಜನರನ್ನು ಕೊಲ್ಲಿಸಿದನೆಂದೂ ಜೋಸೆಫಸ್ ಬರೆಯುತ್ತಾನೆ. ಮುಂದೆ ಅವನು ತನ್ನ ವಿರೋಧಿಗಳಲ್ಲಿ ಎಂಟು ನೂರು ಜನರನ್ನು ಶಿಲುಬೆಗೇರಿಸಿದನು. ಅವನ ಮರಣಾನಂತರ ಪಟ್ಟವೇರಿದ ಅವನ ಹೆಂಡತಿ ಸಲೋಮೆ ಅಲೆಕ್ಸಾಂಡ್ರಾ ಆಡಳಿತದಲ್ಲಿ ಫರಿಸಾಯರಿಗೆ ಬಲವಾದ ಸ್ಥಾನ ಕೊಟ್ಟಳು.

'ಫರಿಸಾಯ' ಎಂದರೆ ಕಪಟಿ ಎಂಬ ಅರ್ಥ ಕನ್ನಡ ಬೈಬಲ್ ಓದುಗರಲ್ಲಿ ನೆಲೆಯೂರಿದೆ. ಇದರ ಬಗ್ಗೆ ನನಗೆ ನಿಜವಾದ ನೋವಿದೆ. ಸುವಾರ್ತೆಗಳಲ್ಲಿ ಯೇಸು ಅವರನ್ನು ಕಟುವಾಗಿ ಟೀಕಿಸುವುದು ಸತ್ಯವೇ, ಆದರೆ ಆ ಮಾತುಗಳು ಒಂದೇ ಮನೆಯವರ ನಡುವಿನ ಜಗಳದ ಮಾತುಗಳು. ಪುನರುತ್ಥಾನದ ವಿಷಯದಲ್ಲಿ ಯೇಸು ಫರಿಸಾಯರ ಕಡೆಯವನು. ಪೌಲನು ನ್ಯಾಯಸಭೆಯ ಮುಂದೆ 'ನಾನು ಫರಿಸಾಯನು' ಎಂದು ಕೂಗಿ ಹೇಳಿದಾಗ ಫರಿಸಾಯರೂ ಪುನರುತ್ಥಾನವನ್ನು ಒಪ್ಪದ ಸದ್ದುಕಾಯರೂ ತಮ್ಮತಮ್ಮೊಳಗೇ ಕಾದಾಡಿದ ಪ್ರಸಂಗ ಅಪೊಸ್ತಲರ ಕೃತ್ಯಗಳಲ್ಲಿದೆ. ಕ್ರಿ.ಶ. 62ರಲ್ಲಿ ಯೇಸುವಿನ ತಮ್ಮ ಯಾಕೋಬನಿಗೆ ಮರಣದಂಡನೆ ವಿಧಿಸಿದವನು ಸದ್ದುಕಾಯನಾದ ಮಹಾಯಾಜಕ ಅನ್ನಾಸ್. ಶಾಸ್ತ್ರದಲ್ಲಿ ನಿಷ್ಠೆಯುಳ್ಳವರು ಅದನ್ನು ಪ್ರತಿಭಟಿಸಿದರೆಂದು ಜೋಸೆಫಸ್ ಹೇಳುತ್ತಾನೆ, ಅವರು ಫರಿಸಾಯರೇ ಇರಬೇಕೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಸಬ್ಬತ್ ದಿನ ಗುಂಡಿಗೆ ಬಿದ್ದ ಕುರಿಯ ಉದಾಹರಣೆಯನ್ನೇ ನೋಡಿ. ನಿಮ್ಮಲ್ಲಿ ಯಾರು ತಾನೇ ಅದನ್ನು ಹಿಡಿದು ಮೇಲಕ್ಕೆ ಎತ್ತುವುದಿಲ್ಲ ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸು ಕೇಳುತ್ತಾನೆ, ಕೇಳುವವರೆಲ್ಲ ಎತ್ತುವವರೇ ಎಂಬ ಭರವಸೆಯಿಂದ. ಆದರೆ ಎತ್ತಬಾರದು ಎನ್ನುವವರೂ ಇದ್ದರು. ಪ್ರಾಣಿಯು ತೊಟ್ಟಿಗೋ ಗುಂಡಿಗೋ ಬಿದ್ದರೆ ಸಬ್ಬತ್ತಿನಲ್ಲಿ ಅದನ್ನು ಎತ್ತಕೂಡದೆಂದು ದಮಸ್ಕದ ಒಡಂಬಡಿಕೆ ಎಂದು ಕರೆಯಲಾಗುವ ಗ್ರಂಥ ನೇರವಾಗಿ ವಿಧಿಸುತ್ತದೆ. ಆ ಗ್ರಂಥವನ್ನು ಬರೆದ ಪಂಥದವರದೇ ಇನ್ನೊಂದು ತುಣುಕು ಬರಹದಲ್ಲಿ, ನೀರಿಗೆ ಬಿದ್ದದ್ದು ಮನುಷ್ಯನಾದರೆ ಉಟ್ಟ ಬಟ್ಟೆಯನ್ನು ಬಿಚ್ಚಿ ಎಸೆದು ಎಳೆದುಕೊಳ್ಳಬಹುದು, ಆದರೆ ಸಾಧನವನ್ನು ಹೊತ್ತು ತರಕೂಡದು ಎಂದಿದೆ. ಮುಂದಿನ ಕಾಲದ ರಬ್ಬಿಗಳು, ಅಂದರೆ ಯೆಹೂದ್ಯ ಧರ್ಮಪಂಡಿತರು, ಪ್ರಾಣಿಯ ಕೆಳಗೆ ದಿಂಬು ಹಾಸಿಗೆಗಳನ್ನು ಇಡಬಹುದು, ಅದು ತಾನೇ ಹತ್ತಿ ಬಂದರೆ ಬರಲಿ ಎಂಬ ದಾರಿಯನ್ನು ಕಂಡುಕೊಂಡರು. ಒಂದು ಬಡಪ್ರಾಣಿ, ಒಂದು ಆಜ್ಞೆ, ಮೂರು ಉತ್ತರಗಳು. ಮೂವರೂ ಸಬ್ಬತ್ತನ್ನು ಪ್ರಾಣದಷ್ಟು ಪ್ರೀತಿಸಿದವರೇ.

ಎತ್ತಕೂಡದೆಂದವರು ಯಾರು ಎಂಬ ಪ್ರಶ್ನೆ ನಮ್ಮನ್ನು ಮೃತ ಸಮುದ್ರದ ದಡಕ್ಕೆ ಒಯ್ಯುತ್ತದೆ. 1947ರಲ್ಲಿ ಬೆಡುಯಿನ್ ಕುರುಬರಿಗೆ ಗುಹೆಯೊಂದರಲ್ಲಿ ಸುರುಳಿಗಳು ಸಿಕ್ಕವು. ಮುಂದೆ ಕುಮ್ರಾನಿನ ಸುತ್ತಲಿನ ಹನ್ನೊಂದು ಗುಹೆಗಳಲ್ಲಿ ಸುಮಾರು ಒಂಬತ್ತು ನೂರು ಹಸ್ತಪ್ರತಿಗಳ ಅವಶೇಷಗಳು ದೊರೆತವು, ದಮಸ್ಕದ ಒಡಂಬಡಿಕೆಯ ಪ್ರತಿಗಳೂ ಅವುಗಳಲ್ಲಿವೆ. ಈ ಜನರನ್ನು ಹೆಚ್ಚಿನ ವಿದ್ವಾಂಸರು ಎಸ್ಸೀನರೊಂದಿಗೆ ಗುರುತಿಸುತ್ತಾರೆ, ಏಕೆಂದರೆ ಸಾಮಾನ್ಯ ಆಸ್ತಿ, ಒಟ್ಟಿಗೆ ಊಟ, ಹಂತಹಂತದ ಪ್ರವೇಶ ಎಲ್ಲವೂ ಜೋಸೆಫಸನ ವರ್ಣನೆಗೆ ಹೊಂದುತ್ತವೆ. ಎಸ್ಸೀನರು ಮೃತ ಸಮುದ್ರದ ಪಶ್ಚಿಮಕ್ಕೆ ಹೆಂಗಸರಿಲ್ಲದೆ, ಹಣವಿಲ್ಲದೆ, ಖರ್ಜೂರದ ಮರಗಳ ಜೊತೆಯಲ್ಲಿ ಬದುಕುತ್ತಾರೆಂದು ರೋಮಿನ ಪ್ಲಿನಿಯೂ ಬರೆದಿದ್ದಾನೆ. ಅವರ ಸಮುದಾಯದ ನಿಯಮಾವಳಿಯನ್ನು ಓದುವಾಗ ಜನ ಕಣ್ಣೆದುರು ಬಂದಂತಾಗುತ್ತದೆ. ಸಭೆಯಲ್ಲಿ ನಿದ್ದೆ ಹೋದರೆ ಮೂವತ್ತು ದಿನಗಳ ದಂಡ, ಉಗುಳಿದರೆ ಮೂವತ್ತು ದಿನ, ಅವಿವೇಕದಿಂದ ಗಟ್ಟಿಯಾಗಿ ನಕ್ಕರೆ ಮೂವತ್ತು ದಿನ.

ಇವರನ್ನು ಉಳಿದ ಇಸ್ರಾಯೇಲ್ಯರಿಂದ ಬಹುವಾಗಿ ಬೇರೆ ಮಾಡಿದ್ದು ಪಂಚಾಂಗ. ಚಾಂದ್ರಮಾನದ 354 ದಿನಗಳ ಬದಲು ಇವರ ವರ್ಷಕ್ಕೆ 364 ದಿನ, ಸರಿಯಾಗಿ 52 ವಾರಗಳು. ಸೂರ್ಯಚಂದ್ರರು ಸೃಷ್ಟಿಯಾದ ನಾಲ್ಕನೆಯ ದಿನವಾದ ಬುಧವಾರವೇ ವರ್ಷದ ಆರಂಭ. ಪ್ರತಿ ಹಬ್ಬವೂ ಎಂದೆಂದಿಗೂ ವಾರದ ಅದೇ ದಿನಕ್ಕೆ. ಹಬಕ್ಕೂಕನ ಪ್ರವಾದನೆಗೆ ಇವರು ಬರೆದ ವ್ಯಾಖ್ಯಾನದಲ್ಲಿ, 'ನೀತಿಯ ಬೋಧಕ'ನೆಂದು ಕರೆಯಲಾದ ಇವರ ಗುರುವನ್ನು 'ದುಷ್ಟ ಯಾಜಕ'ನು ದೋಷಪರಿಹಾರಕ ದಿನದ ಉಪವಾಸದಲ್ಲಿರುವಾಗಲೇ ಅವನ ಅಜ್ಞಾತವಾಸದವರೆಗೂ ಬೆನ್ನಟ್ಟಿ ಬಂದನೆಂಬ ಮಾತಿದೆ. ವರ್ಷದ ಅತ್ಯಂತ ಪವಿತ್ರವಾದ ಆ ದಿನ ಮಹಾಯಾಜಕನು ದೇವಾಲಯದಲ್ಲಿರಬೇಕಲ್ಲದೆ ಪ್ರಯಾಣ ಮಾಡುವಂತಿಲ್ಲ. ಅಂದು ಅವನ ಪಂಚಾಂಗದಲ್ಲಿ ಅದು ಸಾಮಾನ್ಯ ದಿನವಾಗಿದ್ದಿರಬೇಕು.

ಸ್ವಾತಂತ್ರ್ಯಕ್ಕಾಗಿ ಕತ್ತಿ ಹಿಡಿದವರನ್ನು ಜೋಸೆಫಸ್ 'ನಾಲ್ಕನೆಯ ತತ್ತ್ವ' ಎನ್ನುತ್ತಾನೆ. ಕ್ರಿ.ಶ. 6ರ ಜನಗಣತಿಯ ಹೊತ್ತಿಗೆ, ದೇವರ ಹೊರತು ಅರಸನಿಲ್ಲ ಎಂದು ಗಲಿಲಾಯದ ಯೂದನು ಎಬ್ಬಿಸಿದ ಚಳುವಳಿ ಅದು. ಉಳಿದ ವಿಷಯಗಳಲ್ಲಿ ಅವರು ಫರಿಸಾಯರನ್ನೇ ಹೋಲುತ್ತಿದ್ದರೆಂದು ಅವನ ಹೇಳಿಕೆ. ಇನ್ನು ಜನಸಾಮಾನ್ಯರು ಯಾವ ಪಂಥಕ್ಕೂ ಸೇರಿರಲಿಲ್ಲ. ಜೋಸೆಫಸ್ ಕೊಡುವ ಲೆಕ್ಕ ಫರಿಸಾಯರು ಆರು ಸಾವಿರಕ್ಕೂ ಹೆಚ್ಚು, ಎಸ್ಸೀನರು ನಾಲ್ಕು ಸಾವಿರಕ್ಕೂ ಹೆಚ್ಚು, ಅಷ್ಟೇ. ಆದರೂ ಶುದ್ಧಿಯ ಕಾಳಜಿ ಪಂಡಿತರ ಸೊತ್ತಾಗಿರಲಿಲ್ಲ. ಮಣ್ಣಿನ ಪಾತ್ರೆ ಅಶುದ್ಧವಾದರೆ ಒಡೆದು ಎಸೆಯಬೇಕು, ಕಲ್ಲಿಗೆ ಅಶುದ್ಧತೆ ತಟ್ಟುವುದಿಲ್ಲ. ಆದ್ದರಿಂದ ಯೆರೂಸಲೇಮಿನಲ್ಲೂ ಗಲಿಲಾಯದ ಹಳ್ಳಿಗಳಲ್ಲೂ ಉತ್ಖನನಕಾರರಿಗೆ ಮೆದು ಸುಣ್ಣಕಲ್ಲಿನಲ್ಲಿ ಕಡೆದ ಬಟ್ಟಲುಗಳೂ ಹೂಜಿಗಳೂ ಸಿಗುತ್ತಲೇ ಇವೆ. ಕಾನಾ ಊರಿನ ಮದುವೆಮನೆಯಲ್ಲಿದ್ದ ಆರು ಕಲ್ಲಿನ ಬಾನೆಗಳು ಇಂಥವೇ.

ಕ್ರಿ.ಶ. 70ರಲ್ಲಿ ರೋಮನರು ದೇವಾಲಯವನ್ನು ಸುಟ್ಟ ಮೇಲೆ, ಅದರ ಸುತ್ತಲೇ ಬದುಕು ಕಟ್ಟಿಕೊಂಡಿದ್ದ ಸದ್ದುಕಾಯರು ಬೇಗನೆ ಕಣ್ಮರೆಯಾದರು. ಅವರು ಬರೆದದ್ದೆಂದು ಖಚಿತವಾಗಿ ಹೇಳಬಹುದಾದ ಒಂದು ಗ್ರಂಥವೂ ಉಳಿದಿಲ್ಲ, ಅವರ ಬಗ್ಗೆ ನಮಗೆ ತಿಳಿದದ್ದೆಲ್ಲ ಅವರನ್ನು ಒಪ್ಪದವರ ಬಾಯಿಂದ. ಹಾಗಾಗಿಯೇ ಕುಮ್ರಾನಿನ ನಾಲ್ಕನೆಯ ಗುಹೆಯಲ್ಲಿ ಆರು ಪ್ರತಿಗಳ ಚೂರುಗಳಾಗಿ ಸಿಕ್ಕ, 1994ರಲ್ಲಿ ಪೂರ್ಣವಾಗಿ ಪ್ರಕಟವಾದ, 'ಧರ್ಮಶಾಸ್ತ್ರದ ಕೆಲವು ಆಚರಣೆಗಳು' ಎಂಬ ಬರಹ ನಮ್ಮ ಕ್ಷೇತ್ರದಲ್ಲಿ ಸಂಚಲನವನ್ನು ಉಂಟುಮಾಡಿತು. ಸುರಿಯುವ ಧಾರೆಯ ಮಾತು ಅದರಲ್ಲಿದೆ: ಧಾರೆಯ ತೇವವೂ ಅದನ್ನು ಹಿಡಿಯುವ ಪಾತ್ರೆಯ ತೇವವೂ ಒಂದೇ, ಆದ್ದರಿಂದ ಧಾರೆ ಶುದ್ಧ ಅಶುದ್ಧಗಳನ್ನು ಬೇರ್ಪಡಿಸದು ಎಂಬುದು ಅದರ ನಿಲುವು. ಮಿಷ್ನಾ ಸದ್ದುಕಾಯರ ಬಾಯಲ್ಲಿ ಇಟ್ಟಿರುವ ನಿಲುವೂ ಇದೇ. ಕುಮ್ರಾನಿನ ಪಂಥದ ಬೇರು ಸದ್ದುಕಾಯ ಯಾಜಕರಲ್ಲೇ ಇರಬಹುದೆಂದು ಕೆಲವು ವಿದ್ವಾಂಸರು ವಾದಿಸಿದ್ದು ಇದರ ಬಲದಿಂದ; 'ಸದ್ದುಕಾಯ' ಎಂಬ ಹೆಸರಿನ ಮೂಲವೆಂದು ಹೇಳಲಾಗುವ ಚಾದೋಕನ ಮಕ್ಕಳಾದ ಯಾಜಕರಿಗೆ ಕುಮ್ರಾನಿನ ನಿಯಮಾವಳಿ ಮೇಲಿನ ಸ್ಥಾನ ಕೊಡುವುದೂ ಅವರಿಗೆ ಒದಗುವ ಆಧಾರ.

ಜನಸಮೂಹದಿಂದ ನಾವು ಬೇರೆಯಾದೆವು ಎಂದು ಆ ಬರಹ ತಾನೇ ಒಪ್ಪಿಕೊಳ್ಳುತ್ತದೆ. ಹಾಗೆ ಬೇರೆಯಾದವರ ಇತರ ಸುರುಳಿಗಳಲ್ಲಿ ಎದುರಾಳಿಗಳನ್ನು ಕತ್ತಲೆಯ ಮಕ್ಕಳೆಂದೂ 'ನುಣುಪು ಮಾತುಗಳನ್ನು ಹುಡುಕುವವರು' ಎಂದೂ ಕರೆಯಲಾಗಿದೆ. ಇಲ್ಲಿ ಮಾತ್ರ ಧಾಟಿಯೇ ಬೇರೆ. ನಿನ್ನಲ್ಲಿ ವಿವೇಕವೂ ಶಾಸ್ತ್ರಜ್ಞಾನವೂ ಇರುವುದನ್ನು ಕಂಡು, ನಿನ್ನ ಮತ್ತು ನಿನ್ನ ಜನರ ಒಳಿತಿಗೆಂದು ಇವನ್ನು ಬರೆದಿದ್ದೇವೆ ಎಂದು ಅದು ಯಾವನೋ ಒಬ್ಬ ನಾಯಕನನ್ನು ಉದ್ದೇಶಿಸಿ ಹೇಳುತ್ತದೆ. ಕಾಲದ ಕೊನೆಯಲ್ಲಿ ನಮ್ಮ ಮಾತುಗಳಲ್ಲಿ ಕೆಲವಾದರೂ ಸರಿಯೆಂದು ಕಂಡು ನೀನು ಸಂತೋಷಪಡುವೆ ಎಂದು ಹಾರೈಸುತ್ತದೆ. ತರಗತಿಯಲ್ಲಿ ತಂಬಿಗೆಯನ್ನು ಕೆಳಗಿಟ್ಟ ಮೇಲೆ ನಾನು ಓದಿ ಹೇಳುವುದು ಈ ಸಾಲುಗಳನ್ನು.