ಅರ್ಧ ಮುಖ ಯಾಕೆ ಕಪ್ಪು?

1940ರ ಸುಮಾರಿಗೆ ಚೀನಾದ ಯಾನಾನ್ ಸೀಮೆಯ ರೈತರಿಗೆ ಮರದ ಹಲಗೆ ಕೆತ್ತಿ ಚಿತ್ರ ಅಚ್ಚು ಹಾಕುವ ಕಲಾವಿದರ ಮೇಲೆ ಒಂದು ತಕರಾರಿತ್ತು. ಚಿತ್ರದಲ್ಲಿರುವವನ ಮುಖ ಅರ್ಧ ಬೆಳ್ಳಗೆ, ಅರ್ಧ ಕರ್ರಗೆ ಯಾಕಿದೆ? ಕಲಾವಿದರು ಬಿಡಿಸಿದ್ದು ನೆರಳು. ರೈತರಿಗೆ ಕಂಡಿದ್ದು ಮಸಿ ಬಳಿದ ಮುಖ.

ಈ ಜಗಳದ ಬೇರು ಕೆತ್ತನೆಯಲ್ಲೇ ಇದೆ. ಮರದಚ್ಚು ರಬ್ಬರ್ ಸ್ಟಾಂಪಿನ ಹಾಗೆ. ಕೆತ್ತಿ ತೆಗೆದ ಜಾಗ ಕಾಗದದ ಮೇಲೆ ಬಿಳಿ, ಬಿಟ್ಟ ಜಾಗ ಕಪ್ಪು. ಚೀನಾದ ಹಳೆಯ ಕುಶಲಕರ್ಮಿ ಗೆರೆಯನ್ನಷ್ಟೇ ಉಳಿಸಿ ಸುತ್ತಲಿನ ಮರವನ್ನೆಲ್ಲ ಕೆತ್ತಿ ತೆಗೆಯುತ್ತಿದ್ದ. ಅಷ್ಟು ಸಪೂರ ಗೆರೆ ಮುರಿಯದೆ ನಿಲ್ಲಬೇಕಾದರೆ ಮರ ಗಟ್ಟಿಯಿರಬೇಕು, ಎಳೆ ಒಂದೇ ಸಮ ಇರಬೇಕು. ಅದಕ್ಕೇ ಪೇರ್ ಮರ. ಯುರೋಪಿನ ಹೊಸ ಕಲಾವಿದರ ದಾರಿ ಬೇರೆ. ಅವರು ಕಪ್ಪನ್ನು ದಂಡಿಯಾಗಿ ಬಿಟ್ಟು, ಅದರೊಳಗೆ ಉಳಿಯಿಂದ ಬೆಳಕನ್ನು ಕೆತ್ತುತ್ತಿದ್ದರು.

ಚೀನಾದಲ್ಲಿ ಮರದಚ್ಚು ಬಲು ಹಳೆಯದು. ದುನ್‌ಹುವಾಂಗ್‌ನಲ್ಲಿ ಸಿಕ್ಕ ವಜ್ರಸೂತ್ರದ ಪ್ರತಿಯಲ್ಲಿ 868ರ ತಾರೀಕಿದೆ, ಜೊತೆಗೆ ಬುದ್ಧನ ಚಿತ್ರವೂ ಇದೆ. ಆದರೆ ಹಳ್ಳಿಯವರ ಕಣ್ಣು ಪಳಗಿದ್ದು ನ್ಯೆನ್‌ಹ್ವಾದಲ್ಲಿ, ಅಂದರೆ ಹೊಸ ವರ್ಷಕ್ಕೆ ಮನೆಗೆ ಅಂಟಿಸುವ ಚಿತ್ರಗಳಲ್ಲಿ. ಬಾಗಿಲಿನ ಎರಡು ರೆಕ್ಕೆಗೆ ಇಬ್ಬರು ಕಾವಲು ವೀರರು, ಒಲೆಯ ಹತ್ತಿರ ಒಲೆದೇವರು. ವರ್ಷದ ಕೊನೆಗೆ ಈ ದೇವರು ಸ್ವರ್ಗಕ್ಕೆ ಹೋಗಿ ಮನೆಯವರ ವರದಿ ಒಪ್ಪಿಸುತ್ತಾನಂತೆ. ಅದಕ್ಕೆ ಅವನ ಬಾಯಿಗೆ ಸಿಹಿ ಸವರಿ, ಆಮೇಲೆ ಚಿತ್ರವನ್ನು ಸುಡುತ್ತಿದ್ದರು. ಲಂಚ ಅಲ್ವಾ ಇದು!

ಅಚ್ಚು ಹಾಕುವ ಜಾಣ್ಮೆ ನೋಡಿ. ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ. ಕಾಗದದ ಕಟ್ಟನ್ನು ಮೇಜಿನ ಒಂದು ಅಂಚಿಗೆ ಬಿಗಿದಿರುತ್ತಾರೆ. ಹಲಗೆಗೆ ಬ್ರಷ್‌ನಿಂದ ನೀರುಬಣ್ಣ ಹಚ್ಚಿ, ಒಂದು ಹಾಳೆಯನ್ನು ಅದರ ಮೇಲೆ ಎಳೆದು ಬೆನ್ನು ಉಜ್ಜುತ್ತಾರೆ. ತೆಳು ಕಾಗದ ಬಣ್ಣವನ್ನು ಹೀರಿಕೊಳ್ಳುತ್ತದೆ, ಯಂತ್ರದ ಒತ್ತಡವೇ ಬೇಡ. ಕಟ್ಟು ಕದಲದ ಕಾರಣ ಮುಂದಿನ ಬಣ್ಣವೂ ಸರಿಯಾದ ಜಾಗದಲ್ಲೇ ಕೂರುತ್ತದೆ. ತಿಯಾನ್‌ಜಿನ್ ಬಳಿಯ ಯಾಂಗ್‌ಲ್ಯೂಚಿಂಗ್‌ನಲ್ಲಿ ಮಾತ್ರ ಗೆರೆ ಅಚ್ಚಿನದು, ಮುಖದ ಬಣ್ಣ ಕೈಯದು.

ಹೊಸ ಮರದಚ್ಚು ಬಂದಿದ್ದು ಈ ಬಾಗಿಲಿನಿಂದಲ್ಲ. 1931ರ ಆಗಸ್ಟ್‌ನಲ್ಲಿ ಲೇಖಕ ಲೂ ಶುನ್ ಶಾಂಘೈನಲ್ಲಿ 13 ಯುವಕರಿಗೆ ಆರು ದಿನದ ಶಿಬಿರ ಏರ್ಪಡಿಸಿದರು. ಕಲಿಸಿದ್ದು ಜಪಾನಿನ ಉಚಿಯಾಮಾ ಕಾಕಿಚಿ, ಅನುವಾದ ಮಾಡಿದ್ದು ಸ್ವತಃ ಲೂ ಶುನ್. ಜರ್ಮನಿಯ ಕೇಥೆ ಕೋಲ್ವಿಟ್ಸ್‌ರ ಚಿತ್ರಗಳೂ ಅವರಿಂದಲೇ ಈ ಯುವಕರ ಕೈ ಸೇರಿದವು. ಹಳೆಯ ಪದ್ಧತಿಯಲ್ಲಿ ಬರೆಯುವವ, ಕೆತ್ತುವವ, ಅಚ್ಚು ಹಾಕುವವ ಬೇರೆ ಬೇರೆ. ಇಲ್ಲಿ ಮೂರೂ ಕೆಲಸ ಒಬ್ಬನದೇ. ಉಳಿ, ಹಲಗೆ, ಮಸಿ ಇದ್ದರೆ ಸಾಕು. ಬಡ ಹೋರಾಟಗಾರರಿಗೆ ಇದಕ್ಕಿಂತ ಅಗ್ಗದ ಪ್ರೆಸ್ ಎಲ್ಲಿ ಸಿಗಬೇಕು?

ಜಪಾನ್ ಜೊತೆಗಿನ ಯುದ್ಧದ ಕಾಲದಲ್ಲಿ ಹೊಸ ಮರದಚ್ಚಿನ ಹಲವು ಕಲಾವಿದರು ಕಮ್ಯುನಿಸ್ಟ್ ಪಕ್ಷದ ನೆಲೆಯಾಗಿದ್ದ ಯಾನಾನ್ ಸೇರಿದರು. ಶಾಂಘೈನಲ್ಲಿ ಮೆಚ್ಚುಗೆ ಪಡೆದ ಕಪ್ಪು ಇಲ್ಲಿ ಅಪಶಕುನವಾಯಿತು. ಕಲಾವಿದರು ನ್ಯೆನ್‌ಹ್ವಾ ಕಡೆ ತಿರುಗಿದರು. ಕಾವಲು ವೀರರ ಜಾಗಕ್ಕೆ ಸೈನಿಕರು ಬಂದರು, ಬಣ್ಣ ಹಳೆಯದೇ. ಎಲ್ಲವೂ ರೈತರ ಮಾತಿನಿಂದಲೇ ಆಯಿತು ಅನ್ನುವಂತಿಲ್ಲ. 1942ರಲ್ಲಿ ಕಲೆಯ ಬಗ್ಗೆ ಮಾವೋ ಮಾಡಿದ ಭಾಷಣಗಳ ನಂತರ ಪಕ್ಷದ ಒತ್ತಡವೂ ಇತ್ತು.

ಈ ತಿರುವನ್ನು ಯಾನಾನ್‌ನ ಕಲಾವಿದ ಗೂ ಯುವಾನ್ ಒಬ್ಬರಲ್ಲೇ ನೋಡಬಹುದು. ವಿಚ್ಛೇದನ ಕೇಳಲು ಬಂದ ಹಳ್ಳಿ ಹೆಣ್ಣಿನ ಚಿತ್ರವನ್ನು ಅವರು ಎರಡು ಸಲ ಕೆತ್ತಿದರು. ಮೊದಲನೆಯದರಲ್ಲಿ ದಟ್ಟ ನೆರಳು. 1943ರ ಎರಡನೆಯದರಲ್ಲಿ ಮುಖಗಳೆಲ್ಲ ತಿಳಿ, ಗೆರೆ ಸ್ಪಷ್ಟ. ಪುಸ್ತಕಗಳು ಎರಡನೆಯದನ್ನೇ ಜಾಸ್ತಿ ಹೊಗಳುತ್ತವೆ. ನನಗೇನೋ ಮೊದಲನೆಯದೇ ಇಷ್ಟ. ಆದರೆ ನನ್ನ ಕಣ್ಣು ಪಳಗಿದ್ದು ಫೋಟೋ, ಸಿನಿಮಾ ನೋಡಿ. ಆ ರೈತರು ನೋಡಿದ್ದು ಬೇರೆ.