ಅಬಾಲಿಷನಿಸ್ಟ್ ಅಂದರೆ ಯಾರು? ಒಬ್ಬ ಪಾದ್ರಿ, ಒಬ್ಬ ಬಡಗಿ ಮತ್ತು ಒಂದು ಪದ

ಇಸ್ಪೀಟಿನಲ್ಲಿ ರಾಜ, ರಾಣಿ ಆದಮೇಲೆ ಬರುವವನು ಗುಲಾಮ. ಅರಬ್ಬಿಯಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥ 'ಹುಡುಗ'. ಆಮೇಲೆ ಆಳು ಎಂದಾಯಿತು, ಕೊನೆಗೆ ದುಡ್ಡು ಕೊಟ್ಟು ತಂದ ಆಳು. ಕನ್ನಡದಲ್ಲಿ ಇದಕ್ಕೂ ಹಳೆಯದಾದ ತೊತ್ತು ಇದೆ, ಜೀತದಾಳು ಇದೆ. ಮನುಷ್ಯ ಇನ್ನೊಬ್ಬ ಮನುಷ್ಯನನ್ನು ಇಟ್ಟುಕೊಳ್ಳುವುದಕ್ಕೆ ನಮ್ಮಲ್ಲಿ ಪದಗಳಿಗೆ ಬರ ಇಲ್ಲ. ಆ ಪದ್ಧತಿಯೇ ಇರಬಾರದು ಎಂದು ಹಟ ಹಿಡಿದವನನ್ನು ಕರೆಯುವುದಕ್ಕೆ ಮಾತ್ರ ಒಂದೇ ಪದ ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಸಿಗುತ್ತದೆ: ಅಬಾಲಿಷನಿಸ್ಟ್.

ಅಬಾಲಿಷನ್ ಅಂದರೆ ರದ್ದು ಮಾಡುವುದು. ಪಠ್ಯಪುಸ್ತಕದಲ್ಲಿ ಅಬಾಲಿಷನಿಸ್ಟನನ್ನು 'ಗುಲಾಮಗಿರಿ ವಿರೋಧಿ' ಎಂದು ಬರೆದು ಮುಗಿಸುತ್ತಾರೆ. ಅಷ್ಟು ಸಾಲದು. ಯಾಕೆಂದರೆ ಈ ಪದದ ಅಕ್ಕಪಕ್ಕದಲ್ಲಿ ಇನ್ನೆರಡು ಪದಗಳಿವೆ. ಒಂದು ಅಮೆಲಿಯೋರೇಷನ್. ಗುಲಾಮರು ಗುಲಾಮರಾಗಿಯೇ ಇರಲಿ, ಆದರೆ ಚಾಟಿ ಏಟು ಸ್ವಲ್ಪ ಕಮ್ಮಿಯಾಗಲಿ ಅನ್ನುವ ನೀತಿ. ಇನ್ನೊಂದು ಎಮ್ಯಾನ್ಸಿಪೇಷನ್. ಅದು ಬಿಡುಗಡೆ, ಒಬ್ಬ ಮನುಷ್ಯನ ಕೈಗೆ ನಿಜವಾಗಿ ಸಿಗುವಂಥದ್ದು. ಪದ್ಧತಿ ರದ್ದಾದ ದಿನವೇ ಮನುಷ್ಯನಿಗೆ ಬಿಡುಗಡೆ ಸಿಕ್ಕಿತು ಅಂತ ಏನಿಲ್ಲ. ಬ್ರಿಟಿಷರ ಚರಿತ್ರೆ ಓದುವಾಗ ನಾವು ಮೂರನ್ನೂ ಕಲಸಿಬಿಡುತ್ತೇವೆ.

ಉದಾಹರಣೆಗೆ 1807ರ ಕಾನೂನು. ವಿಲಿಯಂ ವಿಲ್ಬರ್‌ಫೋರ್ಸ್ ಇಪ್ಪತ್ತು ವರ್ಷ ಬಡಿದಾಡಿ ಪಾರ್ಲಿಮೆಂಟಿನಲ್ಲಿ ಪಾಸು ಮಾಡಿಸಿದ್ದು. ಅದು ರದ್ದು ಮಾಡಿದ್ದು ಗುಲಾಮರ ವ್ಯಾಪಾರವನ್ನು ಮಾತ್ರ. ಆಫ್ರಿಕದಿಂದ ಹೊಸಬರನ್ನು ಹಡಗಿನಲ್ಲಿ ತುಂಬಿ ತರುವ ಹಾಗಿಲ್ಲ, ಅಷ್ಟೆ. ಆಗಲೇ ವೆಸ್ಟ್ ಇಂಡೀಸಿನ ಕಬ್ಬಿನ ತೋಟಗಳಲ್ಲಿ ಇದ್ದ ಲಕ್ಷಾಂತರ ಜನ ಇದ್ದಲ್ಲೇ ಇದ್ದರು.

ಇನ್ನು ಮಿಷನರಿಗಳ ವಿಚಾರ. 'ಕ್ರೈಸ್ತ ಮಿಷನರಿಗಳು ಗುಲಾಮಗಿರಿಯ ವಿರುದ್ಧ ಹೋರಾಡಿದರು' ಎನ್ನುವ ಮಾತು ನೀವೂ ಕೇಳಿರಬಹುದು. ಸುಳ್ಳಲ್ಲ, ಆದರೆ ಅರ್ಧ ಕಥೆ. ಅದನ್ನು ಶುರುವಿನಿಂದ ಓದಿದರೆ ಮುಜುಗರವಾಗುತ್ತದೆ. ಬಾರ್ಬಡೋಸ್ ದ್ವೀಪದಲ್ಲಿ ಕಾಡ್ರಿಂಗ್ಟನ್ ಅನ್ನುವ ತೋಟಗಳಿದ್ದವು. 1710ರಲ್ಲಿ ಅದರ ಧಣಿ ತೀರಿಕೊಂಡಾಗ ಆಸ್ತಿಯನ್ನು ಇಂಗ್ಲೆಂಡಿನ ಚರ್ಚಿಗೆ ಸೇರಿದ ಒಂದು ಮತಪ್ರಚಾರ ಸೊಸೈಟಿಗೆ ಬರೆದುಕೊಟ್ಟಿದ್ದ, ಗುಲಾಮರ ಸಮೇತ. ಆ ಗುಲಾಮರ ಎದೆಯ ಮೇಲೆ ಕಾದ ಕಬ್ಬಿಣದಿಂದ 'ಸೊಸೈಟಿ' ಎಂದು ಬರೆ ಹಾಕುತ್ತಿದ್ದರು. ದನಕ್ಕೆ ಮುದ್ರೆ ಹಾಕುತ್ತಾರಲ್ಲ, ಹಾಗೆ. ಮೊರಾವಿಯನ್ ಪಂಥದವರು 1732ರಲ್ಲೇ ಸೇಂಟ್ ಥಾಮಸ್ ದ್ವೀಪಕ್ಕೆ ಹೋಗಿ ಗುಲಾಮರ ನಡುವೆ ಕೂತು ಪ್ರಾರ್ಥನೆ ಹೇಳಿಕೊಟ್ಟರು. ಧಣಿಗಳಿಂದ ಬೈಸಿಕೊಂಡರು, ಜೈಲಿಗೂ ಹೋದರು. ಅಷ್ಟೆಲ್ಲ ಆದಮೇಲೆ ತಾವೂ ಒಂದು ತೋಟ ಕೊಂಡು ಗುಲಾಮರನ್ನು ಇಟ್ಟುಕೊಂಡರು.

1807ರಲ್ಲೇ, ಅಂದರೆ ವ್ಯಾಪಾರ ರದ್ದಾದ ವರ್ಷವೇ, ಲಂಡನ್ನಿನಲ್ಲಿ ಒಂದು ವಿಚಿತ್ರ ಬೈಬಲ್ ಅಚ್ಚಾಯಿತು. ವೆಸ್ಟ್ ಇಂಡೀಸಿನ ಗುಲಾಮರಿಗೆಂದೇ ಆರಿಸಿದ ಭಾಗಗಳು. ಈಗ ಅದನ್ನು 'ಸ್ಲೇವ್ ಬೈಬಲ್' ಎನ್ನುತ್ತಾರೆ. ಹಳೆ ಒಡಂಬಡಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಮಾಯ. ಮೋಶೆ ತನ್ನ ಜನರನ್ನು ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಹೋಗುವ ಕಥೆ ಇಲ್ಲ. ಯೋಸೇಫ ಗುಲಾಮನಾಗಿ ಮಾರಾಟವಾಗಿ, ಧಣಿಗೆ ನಿಷ್ಠೆಯಿಂದ ದುಡಿದ ಕಥೆ ಇದೆ. 'ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ' ಎನ್ನುವ ಮಾತೂ ಇದೆ. ಕತ್ತರಿ ಹಿಡಿದವರಿಗೆ ಪುಸ್ತಕ ಚೆನ್ನಾಗಿಯೇ ಅರ್ಥವಾಗಿತ್ತು ಅಂತ ನನಗನ್ನಿಸುತ್ತದೆ. ಎಲ್ಲಿ ಬೆಂಕಿ ಇದೆ ಎಂದು ಗೊತ್ತಿದ್ದರೆ ತಾನೇ ಅಲ್ಲಿಗೇ ನೀರು ಹಾಕಲು ಆಗುವುದು?

ಹಾಗಾದರೆ ಪಾದ್ರಿಗಳು ಅಬಾಲಿಷನಿಸ್ಟ್ ಆಗಿದ್ದು ಯಾವಾಗ? ಇದಕ್ಕೆ ಡೆಮೆರಾರಾಕ್ಕೆ ಹೋಗಬೇಕು.

ಕಾಫಿ ಅಂಗಡಿಗಳಲ್ಲಿ ಕಂದು ಸಕ್ಕರೆಯ ಸಣ್ಣ ಪೊಟ್ಟಣ ಇಟ್ಟಿರುತ್ತಾರಲ್ಲ, ಕೆಲವುದರ ಮೇಲೆ 'ಡೆಮೆರಾರಾ' ಎಂದು ಇರುತ್ತದೆ. ಅದು ದಕ್ಷಿಣ ಅಮೆರಿಕದ ಉತ್ತರ ಕರಾವಳಿಯ ಒಂದು ವಸಾಹತಿನ ಹೆಸರು. ಈಗಿನ ಗಯಾನಾ ದೇಶದ ಭಾಗ. ಅಲ್ಲಿಗೆ 1817ರಲ್ಲಿ ಜಾನ್ ಸ್ಮಿತ್ ಎಂಬ ಯುವಕ ಹೆಂಡತಿ ಜೇನ್ ಜೊತೆ ಬಂದಿಳಿದ. ಕಳಿಸಿದ್ದು ಲಂಡನ್ ಮಿಷನರಿ ಸೊಸೈಟಿ. ನಮ್ಮ ಬಳ್ಳಾರಿಗೆ 1810ರಲ್ಲಿ ಜಾನ್ ಹ್ಯಾಂಡ್ಸ್ ಅವರನ್ನು ಕಳಿಸಿದ್ದು, ಅವರು ಬೈಬಲನ್ನು ಕನ್ನಡಕ್ಕೆ ತರುವಾಗ ಬೆನ್ನಿಗಿದ್ದದ್ದು ಇದೇ ಸೊಸೈಟಿ.

ಸೊಸೈಟಿ ಸ್ಮಿತ್‌ಗೆ ಕೊಟ್ಟ ಸೂಚನೆ ಸ್ಪಷ್ಟವಾಗಿತ್ತು. ಗುಲಾಮರಿಗೆ ಧಣಿಗಳ ಮೇಲೆ ಬೇಸರ ಬರುವಂಥ, ತಮ್ಮ ಸ್ಥಿತಿಯ ಬಗ್ಗೆ ಅಸಮಾಧಾನ ಹುಟ್ಟುವಂಥ ಒಂದು ಮಾತೂ ಬಾಯಿಂದ ಬರಬಾರದು, ಹೊರಗೂ ಸರಿ, ಒಳಗೂ ಸರಿ. ಗವರ್ನರ್ ಮರ್ರೆ ಇನ್ನೂ ನೇರವಾಗಿ ಹೇಳಿದ: ಒಬ್ಬ ಕರಿಯನಿಗೆ ನೀನು ಓದು ಕಲಿಸಿದ್ದು ನನ್ನ ಕಿವಿಗೆ ಬಿದ್ದರೆ ಆ ಕ್ಷಣವೇ ಗಡೀಪಾರು.

ಸ್ಮಿತ್ ಮೊದಮೊದಲು ಅಂಜಿಕೊಂಡೇ ನಡೆದ. ಆದಿಕಾಂಡ ಓದಿಸುವಾಗ ದೇವರು ಅಬ್ರಹಾಮನಿಗೆ ನಾಡು ಕೊಡುವೆನೆಂದು ಮಾತು ಕೊಡುವ ಭಾಗವನ್ನು ಹಾರಿಸಿಬಿಟ್ಟೆ, ಇವರು ಅದಕ್ಕೆ ಬೇರೆ ಅರ್ಥ ಹಚ್ಚಿಯಾರು ಎಂದು ತನ್ನ ದಿನಚರಿಯಲ್ಲೇ ಬರೆದುಕೊಂಡಿದ್ದಾನೆ. ಅಂದರೆ ಆತನೂ ಕೈಯಲ್ಲಿ ಒಂದು ಸಣ್ಣ ಕತ್ತರಿ ಹಿಡಿದೇ ಕೂತಿದ್ದ.

ಆದರೆ ಕೇಳುವವರ ಕಿವಿಗೆ ಕತ್ತರಿ ಹಾಕಲು ಆಗುವುದಿಲ್ಲ. ಲ ರಿಸೂವನೀರ್ ಎಂಬ ತೋಟದ ಬೆತೆಲ್ ಚಾಪೆಲ್‌ಗೆ ಸುತ್ತಲಿನ ತೋಟಗಳಿಂದ ನೂರಾರು ಜನ ಬರತೊಡಗಿದರು. ಬೇರೆ ಎಲ್ಲಿಯೂ ಅವರು ಹಾಗೆ ಸೇರುವಂತಿರಲಿಲ್ಲ. ಇಲ್ಲಿ ಸೇರಿದರು, ಮಾತಾಡಿದರು, ತಮ್ಮಲ್ಲೇ ಹಿರಿಯರನ್ನು ಆರಿಸಿಕೊಂಡರು. ಹಾಗೆ ಆರಿಸಿದ ಡೀಕನ್‌ಗಳಲ್ಲಿ ಒಬ್ಬ ಕ್ವಾಮಿನಾ. ಪಕ್ಕದ 'ಸಕ್ಸೆಸ್' ಎನ್ನುವ ತೋಟದ ಬಡಗಿ. ಹೆಂಡತಿ ಪೆಗ್ಗಿ ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಅವನಿಗೆ ರಜೆ ಸಿಗಲಿಲ್ಲ. ಒಂದು ರಾತ್ರಿ ಕೆಲಸ ಮುಗಿಸಿ ಬಂದಾಗ ಆಕೆ ಸತ್ತಿದ್ದಳು. ಇಂಥದ್ದನ್ನೆಲ್ಲ ಅವರು ಸ್ಮಿತ್‌ನ ಮುಂದೆ ಹೇಳಿಕೊಳ್ಳುತ್ತಿದ್ದರು. ಆತನ ದಿನಚರಿ ವರ್ಷದಿಂದ ವರ್ಷಕ್ಕೆ ಕಹಿಯಾಗುತ್ತ ಹೋಗುತ್ತದೆ. ಬೋಧಿಸಲು ಬಂದವನು ಕೇಳಿಸಿಕೊಳ್ಳುವವನಾದ. ನನ್ನ ಲೆಕ್ಕದಲ್ಲಿ ಪಾದ್ರಿಯೊಬ್ಬ ಅಬಾಲಿಷನಿಸ್ಟ್ ಆಗುವುದು ಇಲ್ಲೇ.

1823ರಲ್ಲಿ ಲಂಡನ್ ಒಂದು ಅಮೆಲಿಯೋರೇಷನ್ ಆದೇಶ ಕಳಿಸಿತು. ಹೆಂಗಸರಿಗೆ ಚಾಟಿಯಿಂದ ಹೊಡೆಯಬಾರದು, ಗದ್ದೆಯಲ್ಲಿ ಚಾಟಿ ಹಿಡಿಯಬಾರದು ಇತ್ಯಾದಿ. ಡೆಮೆರಾರಾದ ಧಣಿಗಳು ಅದನ್ನು ಗುಟ್ಟಾಗಿಟ್ಟರು. ಮನೆಯಾಳುಗಳ ಕಿವಿಗೆ ಅರ್ಧಂಬರ್ಧ ಬಿತ್ತು. ಅದು ಊರೆಲ್ಲ ತಿರುಗಿ 'ರಾಜ ನಮಗೆ ಬಿಡುಗಡೆ ಕೊಟ್ಟಿದ್ದಾನೆ, ಇವರು ಬಚ್ಚಿಟ್ಟಿದ್ದಾರೆ' ಎಂದಾಯಿತು. ಬಂದ ಕಾಗದದಲ್ಲಿ ಇದ್ದದ್ದು ಒಂದು ಪದ, ಜನ ಕೇಳಿದ್ದು ಇನ್ನೊಂದು. ಆಗಸ್ಟ್ 18ರಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ನಿಂತರು. ಮುಂದಾಳು ಕ್ವಾಮಿನಾನ ಮಗ ಜ್ಯಾಕ್. ರಕ್ತ ಹರಿಸುವುದು ಬೇಡ, ಕೆಲಸ ನಿಲ್ಲಿಸೋಣ ಎನ್ನುವುದು ಅಪ್ಪನ ಮಾತಾಗಿತ್ತು. ಬಹುಮಟ್ಟಿಗೆ ಅದನ್ನು ಪಾಲಿಸಿದರು ಕೂಡ. ಧಣಿಗಳನ್ನು ಅವರವರ ಮನೆಯಲ್ಲೇ ಕೂಡಿಹಾಕಿದರು. ಬಿಳಿಯರಲ್ಲಿ ಸತ್ತವರು ಎರಡೋ ಮೂರೋ ಮಂದಿ. ಸೈನ್ಯ ಕೊಂದ ಗುಲಾಮರ ಸಂಖ್ಯೆ 200ಕ್ಕೂ ಹೆಚ್ಚು. ಕ್ವಾಮಿನಾನನ್ನು ಗುಂಡಿಟ್ಟು ಕೊಂದು, ಹೆಣವನ್ನು ಅವನು ದುಡಿದ ತೋಟದ ಎದುರೇ ಸರಪಳಿಯಲ್ಲಿ ನೇತುಹಾಕಿದರು.

ಸ್ಮಿತ್ ದಂಗೆ ಎಬ್ಬಿಸಿರಲಿಲ್ಲ. ಆದರೂ ಹಿಡಿದರು. ವಿಚಾರಣೆ ಮಾಮೂಲಿ ಕೋರ್ಟಿನಲ್ಲಿ ಅಲ್ಲ, ಸೇನಾ ನ್ಯಾಯಾಲಯದಲ್ಲಿ. ಆ ದಿನಚರಿಯನ್ನೇ ಸಾಕ್ಷಿಯಾಗಿ ಓದಿದರು. ಗಲ್ಲು ಶಿಕ್ಷೆ ಕೊಟ್ಟರು, ಜೊತೆಗೆ ದಯೆ ತೋರಬಹುದೆಂದು ಶಿಫಾರಸೂ ಮಾಡಿದರು. ಗಲ್ಲು ಬೇಡ, ವಸಾಹತು ಬಿಟ್ಟು ಹೋಗಲಿ ಎಂಬ ರಾಜನ ಆದೇಶ ಹಡಗಿನಲ್ಲಿ ಬರುವಷ್ಟರಲ್ಲಿ, 1824ರ ಫೆಬ್ರವರಿ 6ರಂದು, ಸ್ಮಿತ್ ಜೈಲಿನಲ್ಲೇ ಕ್ಷಯರೋಗದಿಂದ ತೀರಿಕೊಂಡಿದ್ದ. ಯಾರಿಗೂ ಕಾಣದ ಹಾಗೆ ಕತ್ತಲಲ್ಲಿ ಹೂತರು.

ಇಂಗ್ಲೆಂಡಿನಲ್ಲಿ ಇದು ದೊಡ್ಡ ಗಲಾಟೆಯಾಯಿತು. ನೂರಾರು ಕರಿಯರ ಸಾವಿಗೆ ಅಷ್ಟೊಂದು ಕದಲದ ಜನ ಒಬ್ಬ ಬಿಳಿ ಪಾದ್ರಿಯ ಸಾವಿಗೆ ಕೆರಳಿದರು. ಇದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. 'ಡೆಮೆರಾರಾದ ಹುತಾತ್ಮ' ಎಂಬ ಬಿರುದು ಸಿಕ್ಕಿದ್ದು ಸ್ಮಿತ್‌ಗೆ, ಕ್ವಾಮಿನಾನಿಗಲ್ಲ. ಗಯಾನಾದ ರಾಜಧಾನಿ ಜಾರ್ಜ್‌ಟೌನಿನಲ್ಲಿ ಈಗ ಕ್ವಾಮಿನಾ ಹೆಸರಿನ ಬೀದಿ ಇದೆ.

ಅಷ್ಟಾದರೂ ಹೋರಾಟಗಾರರ ಬಾಯಲ್ಲಿ ಇನ್ನೂ 'ಮೆಲ್ಲಗೆ' ಅನ್ನುವ ಮಾತೇ ಇತ್ತು. 1823ರಲ್ಲಿ ಶುರುವಾದ ಸಂಘದ ಹೆಸರಿನಲ್ಲೇ 'ಕ್ರಮೇಣ ರದ್ದತಿ' ಎಂದಿತ್ತು. ಮರುವರ್ಷ ಲೆಸ್ಟರ್ ಪಟ್ಟಣದ ಎಲಿಜಬೆತ್ ಹೆಯ್ರಿಕ್ ಎಂಬ ಹೆಂಗಸು ಒಂದು ಕಿರುಹೊತ್ತಗೆ ಬರೆದು, ಕ್ರಮೇಣ ಅಲ್ಲ, ಈಗಲೇ ಆಗಬೇಕು ಎಂದಳು. ಸಕ್ಕರೆ ಕೊಳ್ಳುವುದನ್ನು ಬಿಡಿ ಎಂದು ಮನೆ ಮನೆ ಸುತ್ತಿದಳು. ಅಲ್ಲಿಂದ ಅಬಾಲಿಷನಿಸ್ಟ್ ಪದದ ಅರ್ಥ ಗಟ್ಟಿಯಾಗುತ್ತ ಬಂತು. ಮೆಲ್ಲಗೆ ಅನ್ನುವವನು ಸುಧಾರಕ, ಈಗಲೇ ಅನ್ನುವವನು ಅಬಾಲಿಷನಿಸ್ಟ್.

ಮುಂದಿನ ಪೆಟ್ಟು ಬಿದ್ದದ್ದು ಜಮೈಕಾದಲ್ಲಿ. ಅಲ್ಲಿ ಬ್ಯಾಪ್ಟಿಸ್ಟ್ ಸಭೆ ಕಟ್ಟಿದ್ದು ಇಂಗ್ಲಿಷರಲ್ಲ. ಮೊದಲು ತಾನೇ ಗುಲಾಮನಾಗಿದ್ದ ಜಾರ್ಜ್ ಲೈಲ್ ಎಂಬ ಕಪ್ಪು ಬೋಧಕ, ಇಂಗ್ಲಿಷ್ ಪಾದ್ರಿಗಳಿಗಿಂತ ಮೂವತ್ತು ವರ್ಷ ಮೊದಲೇ. 1831ರ ಕ್ರಿಸ್‌ಮಸ್ ಹೊತ್ತಿಗೆ ಡೀಕನ್ ಸ್ಯಾಮ್ ಶಾರ್ಪ್ ಒಂದು ಮುಷ್ಕರ ಯೋಜಿಸಿದ್ದ: ಹಬ್ಬ ಮುಗಿದ ಮೇಲೆ ಕೂಲಿ ಕೊಟ್ಟರೆ ಮಾತ್ರ ಕೆಲಸ. ಅದು ಬೆಂಕಿಯಾಗಿ ಹಬ್ಬಿತು. ಸೇರಿದ್ದವರು ಸುಮಾರು 60,000 ಜನ. ದಂಗೆ ಅಡಗಿದ ಮೇಲೆ 300ಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು. 1832ರ ಮೇ 23ರಂದು ಶಾರ್ಪ್‌ನನ್ನೂ ಗಲ್ಲಿಗೇರಿಸಿದರು. ಬಿಳಿ ಧಣಿಗಳು ಗುಂಪುಕಟ್ಟಿ ಚಾಪೆಲ್‌ಗಳನ್ನು ಕೆಡವಿದರು. ವಿಲಿಯಂ ನಿಬ್ ಎಂಬ ಬ್ಯಾಪ್ಟಿಸ್ಟ್ ಪಾದ್ರಿ ಇಂಗ್ಲೆಂಡಿಗೆ ಬಂದು ಪಾರ್ಲಿಮೆಂಟಿನ ಸಮಿತಿಗಳ ಮುಂದೆ ಸಾಕ್ಷಿ ಹೇಳಿದ, ಊರೂರು ತಿರುಗಿ ಭಾಷಣ ಮಾಡಿದ. ಚಾಪೆಲ್ ಕೆಡವಿದ್ದು ಧಣಿಗಳಿಗೇ ತಿರುಗುಬಾಣವಾಯಿತು. ಗುಲಾಮಗಿರಿ ಇರುವಲ್ಲಿ ಧರ್ಮಪ್ರಚಾರ ನಡೆಯದು ಎಂದು ಭಕ್ತರಿಗೂ ಖಾತ್ರಿಯಾಯಿತು.

1833ರಲ್ಲಿ ಕಾನೂನು ಬಂತು. ಸುಮಾರು 8 ಲಕ್ಷ ಜನರ ಗುಲಾಮಗಿರಿ ರದ್ದು. ಪರಿಹಾರ 2 ಕೋಟಿ ಪೌಂಡ್. ಯಾರಿಗೆ? ಧಣಿಗಳಿಗೆ! ಗುಲಾಮರಿಗೆ ಚಿಕ್ಕಾಸೂ ಇಲ್ಲ. ಅಷ್ಟು ಸಾಲದೆಂದು 'ಅಪ್ರೆಂಟಿಸ್' ಎಂಬ ಹೊಸ ಹೆಸರಿಟ್ಟು ಇನ್ನೂ ಕೆಲವು ವರ್ಷ ಅದೇ ತೋಟದಲ್ಲಿ ಪುಕ್ಕಟೆ ದುಡಿಸಿದರು. ರದ್ದು ಆಯಿತು, ಬಿಡುಗಡೆ ಆಗಲಿಲ್ಲ. ಬಿಡುಗಡೆ ಬಂದದ್ದು 1838ರ ಆಗಸ್ಟ್ 1ಕ್ಕೆ. ಹಿಂದಿನ ರಾತ್ರಿ ಜಮೈಕಾದ ಫಾಲ್‌ಮತ್ ಊರಿನ ನಿಬ್‌ನ ಚಾಪೆಲ್‌ನಲ್ಲಿ ಜನ ಕಾದು ಕೂತಿದ್ದರು. ಒಂದು ಶವಪೆಟ್ಟಿಗೆಯಲ್ಲಿ ಚಾಟಿ, ಸರಪಳಿ, ಕತ್ತಿನ ಕಬ್ಬಿಣದ ಪಟ್ಟಿ ಇಟ್ಟು ಮಣ್ಣು ಮಾಡಿದರು.

ಅದೇ 1838ರ ಮೇ ತಿಂಗಳಲ್ಲಿ ಡೆಮೆರಾರಾದ ಕರಾವಳಿಗೆ ಎರಡು ಹಡಗು ಬಂದಿದ್ದವು, ವಿಟ್‌ಬಿ ಮತ್ತು ಹೆಸ್ಪರಸ್. ಹೊರಟದ್ದು ಕಲ್ಕತ್ತದಿಂದ. ಒಳಗಿದ್ದವರು ಭಾರತದ ಕೂಲಿಗಳು. ತರಿಸಿದವನು ಜಾನ್ ಗ್ಲ್ಯಾಡ್‌ಸ್ಟನ್, ಅಂದರೆ ಕ್ವಾಮಿನಾ ದುಡಿದ ಸಕ್ಸೆಸ್ ತೋಟದ ಅದೇ ಧಣಿ. ಗುಲಾಮರು ಕೈಬಿಟ್ಟು ಹೋಗುತ್ತಾರೆಂದು ಗೊತ್ತಾದ ಕೂಡಲೇ ಆತ ಬದಲಿ ಹುಡುಕಿದ್ದ. ಅಬಾಲಿಷನಿಸ್ಟರು ಇದನ್ನೂ ಬಯಲಿಗೆಳೆದರು. ಕೆಲವು ವರ್ಷ ಕೂಲಿಗಳ ಸಾಗಣೆ ನಿಂತಿತು, ಆಮೇಲೆ ಮತ್ತೆ ಶುರುವಾಯಿತು.

1833ರ ಕಾನೂನು ನಮ್ಮ ಕಡೆಗೆ ಬರಲೇ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಸೀಮೆಯನ್ನು ಅದರಲ್ಲಿ ಹೊರಗಿಟ್ಟಿದ್ದರು. ಇಲ್ಲಿಗೆ ಬಂದದ್ದು 1843ರ 5ನೇ ಕಾಯ್ದೆ. ಅದೂ 'ರದ್ದು' ಎನ್ನುವ ಧೈರ್ಯ ಮಾಡಲಿಲ್ಲ. ಗುಲಾಮನ ಮೇಲೆ ಧಣಿಗಿರುವ ಹಕ್ಕನ್ನು ಕೋರ್ಟು ಇನ್ನು ಮಾನ್ಯ ಮಾಡುವುದಿಲ್ಲ, ಅಷ್ಟೇ ಅಂದಿತು. ಜೀತಕ್ಕೆ ಆ ಪದ ತಗುಲಿದ್ದು 1976ರಲ್ಲಿ, ಜೀತ ಕಾರ್ಮಿಕ ಪದ್ಧತಿ ರದ್ದತಿ ಕಾಯ್ದೆ ಬಂದಾಗ. ಅದರ ಇಂಗ್ಲಿಷ್ ಹೆಸರಿನಲ್ಲಿ 'ಅಬಾಲಿಷನ್' ಎಂದೇ ಇದೆ. ಕಾಗದದಲ್ಲಿ ಜೀತ ಅವತ್ತೇ ರದ್ದಾಯಿತು. ಜೀತದಾಳಿಗೆ ಮಾತ್ರ ಈಗಲೂ ಅಧಿಕಾರಿ ಬಂದು, ವಿಚಾರಿಸಿ, ರುಜು ಹಾಕಿ ಕೊಡಬೇಕಾದ ಇನ್ನೊಂದು ಹಾಳೆ ಇದೆ. ಅದರ ಹೆಸರು ಬಿಡುಗಡೆ ಪತ್ರ.